ಹರಿಯದ ಬಲೆ

ಬಲೆಗಳು ಹರಿಯದೆ ಮನೆಗೆ ಬರತೊಡಗಿದಾಗಲೇ ಬಲೆಯಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು.

ಅವಳ ಮುಂಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಎರಡು ಹಗ್ಗ ಎಳೆದಿದೆ. ಕೆರೆಗೆ ಇಳಿಯುವ ದೋಣಿಗಳ ಬಲೆಯೆಲ್ಲ ಅಲ್ಲಿಗೆ ಬಂದು ನೇತಾಡಬೇಕು. ಅವಳು ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಂಡು, ಹರಿದ ಕಣ್ಣುಗಳನ್ನು ಮರದ ಸೂಜಿಯಲ್ಲಿ ಹೆಣೆದು, ಗಂಟು ಬಿಗಿದು ವಾಪಸ್ಸು ಕೊಡಬೇಕು. ಕಸುಬೇ ಹೆಸರಾಗಿ ದಂಡೆಯವರಿಗೆಲ್ಲ ಅವಳು ಬಲೆಯಕ್ಕ. ದೊಡ್ಡ ಗೆಂಡೆ ಮೀನೊಂದು ಸಿಟ್ಟಿನಲ್ಲಿ ಬಾಲ ಬೀಸಿದರೆ ಬಲೆಯ ನಾಲ್ಕು ಕಣ್ಣು ಸೇರಿ ಒಂದು ಬಾಯಾಗುತ್ತದೆ. ಅಂಥ ಬಾಯಿಗಳನ್ನು ಮುಚ್ಚಿಯೇ ಅವಳು ತನ್ನ ಬಾಯಿಗೂ ಅತ್ತೆಯ ಬಾಯಿಗೂ ತುತ್ತು ಕಾಣಿಸಿದ್ದಳು. ಈಗಲೂ ಬಲೆಗಳು ಬರುತ್ತಿದ್ದವು, ಪಾಚಿ ಹಿಡಿದು, ನೀರು ತೊಟ್ಟಿಕ್ಕುತ್ತ. ಹರಿದು ಮಾತ್ರ ಬರುತ್ತಿರಲಿಲ್ಲ.

"ಏನಕ್ಕಾ, ಬಲೆಗೆ ತಂತಿ ಗಿಂತಿ ಹೆಣೆದುಬಿಟ್ಟಿದೀಯಾ?" ಎಂದು ದೋಣಿಯವರು ನಗುತ್ತಿದ್ದರು.

"ಬಲೆ ಗಟ್ಟಿಯಾಗಿಲ್ಲ ಕಣ್ರೋ, ಕೆರೆ ಬರಿದಾಗಿದೆ," ಎನ್ನುತ್ತಿದ್ದಳು ಅವಳು.

ಹೀಗಿರುವಾಗ ಮೀನುಗಾರಿಕೆ ಕಚೇರಿಯ ಗೋಡೆಯ ಮೇಲೆ ವರದಿ ಬಂದು ಕೂತಿತು. ಕೆರೆಯಲ್ಲಿ ಮೀನು ಸಮೃದ್ಧವಾಗಿದೆ. ಗಾಳ ಹಾಕುವ ಹವ್ಯಾಸಕ್ಕೆ ಇಲ್ಲಿ ಉಜ್ವಲ ಭವಿಷ್ಯವಿದೆ. ಓದಿದವರಿಗೆ ಒಳ್ಳೆಯ ಸುದ್ದಿಯಂತೆ ಕಾಣುವ ಸಾಲುಗಳು. ಬಡವನ ಮನೆ ಮುರಿಯುವ ಸಾಲುಗಳು ಯಾವಾಗಲೂ ಹಾಗೆಯೇ ಇರುತ್ತವೆ, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ.

ಯಾಕೆಂದರೆ ಅಲ್ಲಿನ ಅಧಿಕಾರಿ ಮೊದಲೇ ಹೇಳಿದ್ದ. ಗಾಳದ ಸಂಘದವರು ಕೆರೆ ಕೇಳುತ್ತಿದ್ದಾರೆ. ಮೀನು ತುಂಬಿದ್ದರೆ ಕೆರೆ ಅವರಿಗೆ, ಅಲ್ಲಿಗೆ ಬಲೆ ಬಂದ್. ಮೀನು ಕಡಿಮೆಯಿದ್ದರೆ ಅವರಿಗೆ ಬೇಡ, ಕೆರೆ ಬಲೆಯವರ ಕೈಯಲ್ಲೇ ಉಳಿಯುತ್ತದೆ. ಮೀನಿನ ಮರಿ ಬಿಟ್ಟು, ಒಂದು ಹಂಗಾಮು ಕಾದು, ಮತ್ತೆ ಬಲೆ ಬೀಸಿಕೊಳ್ಳಲಿ. ಅಂದರೆ ಈ ವರದಿಯ ಪ್ರಕಾರ ಬಲೆಯಕ್ಕನ ಹಗ್ಗದ ಮೇಲೆ ಇನ್ನು ಬಟ್ಟೆ ಒಣಗಿಸಬಹುದು.

"ಕೆರೆ ತುಂಬಾ ಮೀನಿದ್ರೆ ನನ್ನ ಸೂಜಿಗೆ ಯಾಕೆ ಕೆಲಸ ಇಲ್ಲ?" ಎಂದು ಅವಳು ವರದಿಯನ್ನೇ ಕೇಳಿದಳು. ಪಕ್ಕದಲ್ಲಿದ್ದ ಜವಾನ ತನ್ನನ್ನು ಕೇಳಿದಳೆಂದುಕೊಂಡು, "ನನಗೇನು ಗೊತ್ತಮ್ಮಾ, ನಾನು ಗೋಂದು ಹಚ್ಚೋನು," ಎಂದ.

ಮೀನು ಎಣಿಸಿದ್ದು ಎಣಿಕೆ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುವವರು, ಪುಸ್ತಕದಂತೆ ಮಾತಾಡುವವರು. ಎಣಿಕೆಗೆ ಮುಂಚೆ ತಮ್ಮ ಬಲೆಯೊಂದನ್ನು ಹೊಲಿಸಲು ಬಲೆಯಕ್ಕನ ಮನೆಗೇ ಬಂದಿದ್ದರು. ನೀರೊಳಗಿನ ಮೀನನ್ನು ಹೇಗಪ್ಪಾ ಎಣಿಸ್ತೀರಿ ಎಂದು ಅವಳು ಕೇಳಿದ್ದಕ್ಕೆ, ಬಲೆಗೆ ಕಟ್ಟುವ ಸೀಸದ ಗುಂಡುಗಳ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಒಂದು ಹಿಡಿ ಗುಂಡು ತೆಗೆದು, ಗೋಡೆಗೆ ಬಳಿಯುವ ಸುಣ್ಣ ಹಚ್ಚಿ, ವಾಪಸ್ಸು ಡಬ್ಬಿಗೆ ಹಾಕಿ ಕುಲುಕಿದರು. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ಹಿಡಿ ತೆಗೆದರು.

"ಈ ಹಿಡಿಯಲ್ಲಿ ಸುಣ್ಣದ ಗುಂಡು ಬಹಳ ಬಂದರೆ ಡಬ್ಬಿಯಲ್ಲಿ ಗುಂಡು ಕಡಿಮೆ ಎಂದು ಅರ್ಥ. ಒಂದೋ ಎರಡೋ ಬಂದರೆ ಡಬ್ಬಿ ತುಂಬ ಇದೆ ಎಂದು ಅರ್ಥ. ಮೀನಿಗೂ ಇದೇ ಲೆಕ್ಕ. ಕೆಲವು ಮೀನು ಹಿಡಿದು, ರೆಕ್ಕೆಯ ತುದಿ ಚೂರು ಕತ್ತರಿಸಿ ಗುರುತು ಮಾಡುತ್ತೇನೆ. ನೀರಿಗೆ ಬಿಡುತ್ತೇನೆ. ಅವು ಬೆರೆತ ಮೇಲೆ ಮತ್ತೆ ಬಲೆ ಹಾಕಿ, ಎಷ್ಟು ಗುರುತಿನವು ಸಿಗುತ್ತವೆ ನೋಡುತ್ತೇನೆ."

"ಮಧ್ಯದಲ್ಲಿ ಯಾರಾದ್ರೂ ಡಬ್ಬಿಗೆ ಕೈ ಹಾಕಿ, ಸುಣ್ಣದ ಗುಂಡನ್ನೇ ಆರಿಸಿ ಎತ್ಕೊಂಡ್ರೆ?"

ಮೇಷ್ಟ್ರು ನಕ್ಕಿದ್ದರು. "ಯಾರು ಎತ್ತಿಕೊಳ್ಳುತ್ತಾರಮ್ಮ? ಯಾಕಾಗಿ?"

ಈಗ ಕಚೇರಿಯಿಂದ ಮನೆಗೆ ನಡೆಯುವಾಗ ಬಲೆಯಕ್ಕನಿಗೆ ಆ ನಗು ನೆನಪಾಯಿತು. ಮೇಷ್ಟ್ರು ಎರಡನೇ ಸಲ ಬಲೆ ಹಾಕಿದಾಗ ಗುರುತಿನ ಮೀನು ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಅದಕ್ಕೇ ಕೆರೆ ತುಂಬಿದೆ ಎಂದು ಬರೆದರು. ಕೆರೆ ತುಂಬಿಲ್ಲ, ಅದು ಅವಳಿಗೆ ಗೊತ್ತು. ಹಾಗಾದರೆ ಯಾರೋ ಡಬ್ಬಿಗೆ ಕೈ ಹಾಕಿದ್ದಾರೆ. ಯಾರು?

ಯಾಕೆ ಎಂಬುದು ಸುಲಭ. ಗಾಳದ ಸಂಘದ ಕಾರ್ಯದರ್ಶಿಗೆ ಕೆರೆ ಬೇಕು. ಅಗಲವಾದ ಬಟ್ಟೆಯ ಟೋಪಿ ಹಾಕಿಕೊಂಡು, ಮಡಚುವ ಕುರ್ಚಿ ಹಿಡಿದು ದಂಡೆಯಲ್ಲಿ ಓಡಾಡುತ್ತಿದ್ದ ಅವನಿಗೆ ಊರು ಟೋಪಿ ಎಂದೇ ಹೆಸರಿಟ್ಟಿತ್ತು. ಮೀನನ್ನು ಹಿಡಿದು, ಪಟ ತೆಗೆಸಿಕೊಂಡು, ಮುತ್ತಿಟ್ಟು ನೀರಿಗೆ ಬಿಡುವುದು ಅವರ ಸಂಘದ ಧರ್ಮ. ಹಸಿವಿಲ್ಲದವರ ಆಟ. ಆದರೆ ಟೋಪಿಗೆ ಈಜು ಬರುವುದಿಲ್ಲ, ದೋಣಿ ಹತ್ತಿದರೆ ವಾಂತಿ. ನೀರಿಗಿಳಿದು ಗುರುತಿನ ಮೀನು ಎತ್ತಿಕೊಡಲು ಅವನಿಗೆ ದೋಣಿಯವನೊಬ್ಬ ಬೇಕು.

ಮನೆ ಬಾಗಿಲಲ್ಲಿ ಮೈದುನ ನಿಂತಿದ್ದ. ತಲೆಯ ಮೇಲೆ ಹೊಸ ಟೋಪಿ. ಅಗಲವಾದ, ಬಟ್ಟೆಯ, ಥೇಟು ಅದೇ ಟೋಪಿ.

ಗಂಡ ತೀರಿಕೊಂಡ ಮೇಲೆ ಮನೆಯ ದೋಣಿ ನಡೆಸುತ್ತಿದ್ದವನು ಇವನೇ. ಮೇಷ್ಟ್ರ ಎಣಿಕೆಗೂ ದೋಣಿಯ ಹುಟ್ಟು ಹಾಕಿದ್ದು ಇವನೇ.

"ಟೋಪಿ ಹಾಕ್ಕೊಂಡು ಬಂದೆಯೋ, ಹಾಕಿಸ್ಕೊಂಡು ಬಂದೆಯೋ?" ಎಂದಳು.

"ಚೆನ್ನಾಗಿದೆ ಅಲ್ವಾ ಅತ್ತಿಗೆ? ಸಂಘದವರು ಕೊಟ್ರು. ಕೆರೆ ಅವರಿಗಾದ್ರೆ ನನ್ನನ್ನೇ ದೋಣಿಗೆ ಇಟ್ಕೋತಾರಂತೆ."

"ಸುಮ್ಮನೆ ಕೊಟ್ರಾ?"

"ನನ್ನ ಮುಖ ನೋಡಿ ಕೊಟ್ರು."

"ಆ ಮುಖ ನೋಡಿ ಇವತ್ತಿನವರೆಗೆ ಒಬ್ಬರೂ ಹೆಣ್ಣು ಕೊಡಲಿಲ್ಲ, ಟೋಪಿ ಕೊಟ್ರಾ!"

ಒಳಗಿನಿಂದ ಅತ್ತೆ ಕೆಮ್ಮುತ್ತ ನಕ್ಕಳು. ಕಿವಿ ಮಂದವಾದರೂ ಮಗನನ್ನು ಬೈದರೆ ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಲೆಯಕ್ಕ ನಗಲಿಲ್ಲ. ಅವಳಿಗೆ ಇನ್ನೊಂದು ವಿಷಯ ನೆನಪಾಗಿತ್ತು. ಮೇಷ್ಟ್ರು ಗುರುತು ಮಾಡಿ ಹೋದ ವಾರವೇ ಮೈದುನ ಅವಳ ಹತ್ತಿರ ಒಂದು ಗಿಡ್ಡ ಬಲೆ ಹೆಣೆಸಿಕೊಂಡಿದ್ದ. ಜೊಂಡಿನ ನಡುವೆ ತೂರುವಂಥದು. ಜೊಂಡಿನಲ್ಲಿ ಯಾರೂ ಬಲೆ ಹಾಕುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಯಾಕೋ ಇದು ಎಂದು ಕೇಳಿದ್ದಕ್ಕೆ, "ಮೇಷ್ಟ್ರ ಕೆಲಸ ಅತ್ತಿಗೆ," ಎಂದಿದ್ದ. ಗುರುತು ಮಾಡಿದ ಮೀನುಗಳನ್ನು ಮೇಷ್ಟ್ರು ನೀರಿಗೆ ಬಿಟ್ಟದ್ದು ಆ ಜೊಂಡಿನ ಬಳಿಯೇ. ಆ ಬಲೆಯ ಒಂದೊಂದು ಕಣ್ಣನ್ನೂ ಅವಳೇ ಕೈಯಾರೆ ಹೆಣೆದು ಕೊಟ್ಟಿದ್ದಳು.

ಅನುಮಾನ ಬಂದ ಮನೆಯಲ್ಲಿ ಪಾತ್ರೆಯ ಸದ್ದೂ ಬೇರೆಯಾಗಿ ಕೇಳುತ್ತದೆ. ಅವನು ಉಂಡ, ಅವಳು ಬಡಿಸಿದಳು. ಅವನು ಎದ್ದು ಹೋದಾಗ ಅವನ ಅಂಗಿಯ ಜೇಬು ತಡವಿದಳು. ಬೀಡಿ, ಬೆಂಕಿಪೊಟ್ಟಣ, ಒಂದು ಬಾಚಣಿಗೆ. ತನ್ನ ಕೈಯನ್ನು ತಾನೇ ನೋಡಿಕೊಂಡು ಅವಳಿಗೆ ಹೇಸಿಗೆಯಾಯಿತು. ಆದರೂ ಮಧ್ಯಾಹ್ನ ಅವನು ಗಿಡ್ಡ ಬಲೆ ಹೆಗಲಿಗೆ ಹಾಕಿಕೊಂಡು ಹೊರಟಾಗ, ಅವಳು ಸೆರಗು ಬಿಗಿದು ದಂಡೆಯ ಆಚೆ ಬದಿಯಿಂದ ಹಿಂಬಾಲಿಸಿದಳು.

ಜೊಂಡಿನ ಅಂಚಿನಲ್ಲಿ ದೋಣಿ ನಿಂತಿತ್ತು. ಮೈದುನ ಮೊಣಕಾಲು ನೀರಿನಲ್ಲಿ ಬಗ್ಗಿ ಬಲೆ ಎಳೆಯುತ್ತಿದ್ದ. ಬಲೆಯಲ್ಲಿ ಎರಡು ಮೀನು. ಒಂದನ್ನು ಎತ್ತಿ, ಹೊಟ್ಟೆ ಮೇಲೆ ಮಾಡಿ ನೋಡಿ, ಮುಖ ಸಿಂಡರಿಸಿ ನೀರಿಗೆ ಎಸೆದ. ಇನ್ನೊಂದನ್ನು ನೋಡಿದ. ನಕ್ಕ. ಬಕೆಟ್ಟಿಗೆ ಹಾಕಿದ.

ಅವಳಿಗೆ ಇನ್ನೇನು ನೋಡಬೇಕಿತ್ತು? ಸೀದಾ ನೀರಿಗಿಳಿದಳು. ಬಕೆಟ್ಟಿನಿಂದ ಮೀನು ಎತ್ತಿ ತಿರುಗಿಸಿದಳು. ರೆಕ್ಕೆಯ ತುದಿ ನೇರವಾಗಿ ತುಂಡಾಗಿತ್ತು, ಕತ್ತರಿಯ ಗುರುತು.

"ಎಷ್ಟಕ್ಕೆ ಮಾರಿಕೊಂಡೆಯೋ?"

ಮೈದುನ ಬೆಚ್ಚಿ ತಿರುಗಿದ. "ಅಯ್ಯೋ ಅತ್ತಿಗೆ! ಇಲ್ಲೇನು ಮಾಡ್ತಿದೀಯ? ಮಾರಿಲ್ಲ, ಇದನ್ನ ಯಾರು ಕೊಳ್ತಾರೆ?"

"ಮೀನಲ್ಲ ಕಣೋ, ಕೆರೆ! ಕೆರೆ ಎಷ್ಟಕ್ಕೆ ಮಾರಿಕೊಂಡೆ? ಆ ಟೋಪಿಯವನು ಹೇಳಿದ, ನೀನು ಗುರುತಿನ ಮೀನೆಲ್ಲ ಆರಿಸಿ ಎತ್ತಿಬಿಟ್ಟೆ. ಮೇಷ್ಟ್ರ ಬಲೆಗೆ ಸಿಗಲಿಲ್ಲ. ಕೆರೆ ತುಂಬಿದೆ ಅಂತ ಬರೆದರು. ನಿಮ್ಮಣ್ಣ ದೋಣಿ ನಡೆಸಿದ ಕೆರೆ ಕಣೋ ಇದು! ಒಂದು ಟೋಪಿಗೆ ಕೊಟ್ಟುಬಿಟ್ಟೆಯಾ?"

ಮೈದುನ ಬಾಯಿ ತೆರೆದುಕೊಂಡು ನಿಂತ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ; ಏನೂ ಅರ್ಥವಾಗದವನ ಪೆದ್ದುತನ ಇತ್ತು. ಅದನ್ನು ಕಂಡು ಅವಳಿಗೆ ಸಿಟ್ಟು ಇನ್ನೂ ಏರಿತು.

"ಟೋಪಿಯವನು ಎಲ್ಲಿಂದ ಬಂದ ಮಧ್ಯೆ? ಹೇಳಿದ್ದು ಮೇಷ್ಟ್ರು ಅತ್ತಿಗೆ! ದಂಡೆಯಲ್ಲಿ ಎಲ್ಲ ದೋಣಿಯವರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ರು. ಗುರುತಿನ ಮೀನು ಸಿಕ್ಕಿದ್ರೆ ಹಿಡಿದುಬಿಡಿ, ಮರೆಯಬೇಡಿ ಅಂತ. ಅದಕ್ಕೆ ಎಲ್ರೂ ಹಿಡಿದುಬಿಟ್ವಿ. ಎಲ್ಲರಿಗಿಂತ ಹೆಚ್ಚು ಹಿಡಿದಿದ್ದು ನಾನೇ! ಬಕೆಟ್ಟಲ್ಲಿ ಹಾಕಿ ಕಾದೆ, ಮೇಷ್ಟ್ರು ಕೇಳೋಕೆ ಬರಲಿಲ್ಲ. ಸತ್ತು ನಾರೋ ಮುಂಚೆ ಅಮ್ಮ ಬೇಯಿಸಿದಳು. ನೀನೂ ತಿಂದೆಯಲ್ಲ, ಚೆನ್ನಾಗಿದೆ ಇನ್ನೊಂದು ಹಾಕಿ ಅಂದೆಯಲ್ಲ!"

ಬಲೆಯಕ್ಕನ ಕೈಯಲ್ಲಿ ಮೀನು ಒದ್ದಾಡಿತು.

ಹಿಡಿದುಬಿಡಿ.

ಅವಳು ಅದನ್ನು ಒಮ್ಮೆ ಬಾಯೊಳಗೇ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಕೊಂಡಳು, ನಡುವೆ ಉಸಿರು ತೆಗೆದುಕೊಂಡು. ಹಿಡಿದು, ಬಿಡಿ. ಮೈದುನನ ಕೈ ಹಿಡಿದು ಎಳೆದುಕೊಂಡು ಸೀದಾ ಕಾಲೇಜಿಗೆ ಹೊರಟಳು.

ಕಾಲೇಜಿನ ಮೇಷ್ಟ್ರ ಕೋಣೆಯಲ್ಲಿ ಗಾಜಿನ ಜಾಡಿಗಳೊಳಗೆ ಸತ್ತ ಮೀನುಗಳು ಅವಳನ್ನೇ ದಿಟ್ಟಿಸುತ್ತಿದ್ದವು. ಮೈದುನನ ಅಂಗಿಯಿಂದ ನೀರು ಇಳಿದು ನೆಲ ಒದ್ದೆಯಾಗಿತ್ತು. ಮೇಷ್ಟ್ರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾನು ಹೇಳಿದ್ದು ಹಿಡಿದು, ಅಲ್ಪವಿರಾಮ, ಬಿಡಿ. ನಿಮ್ಮ ಬಲೆಗೆ ಸಿಕ್ಕರೆ ವಾಪಸ್ಸು ನೀರಿಗೆ ಬಿಡಿ ಎಂದು."

"ಅಲ್ಪವಿರಾಮ ಕಿವಿಗೆ ಕೇಳಿಸಲ್ಲ ಮೇಷ್ಟ್ರೇ," ಎಂದ ಮೈದುನ.

ಬಲೆಯಕ್ಕ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಇವರೂ ಟೋಪಿಯವನ ಜೊತೆ ಸೇರಿಕೊಂಡಿರಬಹುದೇ? ಬೇಕೆಂದೇ ಹಾಗೆ ಹೇಳಿರಬಹುದೇ? ಆದರೆ ಮೇಷ್ಟ್ರ ಕಿವಿ ಕೆಂಪಾಗಿತ್ತು. ಆಗಲೇ ಎದ್ದು ಕಚೇರಿಗೆ ನಡೆದರು. ಇವರಿಬ್ಬರೂ ಹಿಂದೆ ಹೋದರು.

ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಟೋಪಿ ಮೊದಲೇ ಕೂತಿದ್ದ. ತಲೆಯ ಟೋಪಿ ಮೊಣಕಾಲ ಮೇಲಿತ್ತು.

"ಎಣಿಕೆ ತಪ್ಪಾಗಿದೆ, ಮತ್ತೆ ಎಣಿಸಬೇಕು," ಎಂದರು ಮೇಷ್ಟ್ರು. ಕಾರಣ ಹೇಳಿದರು. ತಪ್ಪು ತಮ್ಮದೇ ಎಂದರು.

ಅಧಿಕಾರಿ ಪೆನ್ನು ಮುಚ್ಚಿದ. "ವರದಿ ಅಂಗೀಕಾರ ಆಗಿದೆ. ಆದೇಶ ಸಹಿಯಾಗಿದೆ. ವ್ಯಾಕರಣ ಸರಿಯಿಲ್ಲ ಅಂತ ಆದೇಶ ವಾಪಸ್ಸು ತಗೊಳ್ಳೋಕಾಗುತ್ತಾ ಮೇಷ್ಟ್ರೇ?"

ಟೋಪಿ ನಕ್ಕ. "ಚೆನ್ನಾಗಿದೆ ಇವರ ಕಥೆ. ಮೀನು ತಿಂದವರೂ ಇವರೇ, ಮೀನಿಲ್ಲ ಅನ್ನೋರೂ ಇವರೇ."

"ನೀವು ತಿನ್ನಲ್ಲ ಅಲ್ವಾ ಸ್ವಾಮಿ," ಎಂದಳು ಬಲೆಯಕ್ಕ. "ನೀವು ಮೀನಿನ ಬಾಯಿ ಹರಿದು, ಮುತ್ತಿಟ್ಟು ಕಳಿಸೋರು. ನಮ್ಮ ಬಾಯಿ ಹರಿದು ಏನು ಕೊಡ್ತೀರಿ?"

ಟೋಪಿಯ ನಗು ಮಾಸಲಿಲ್ಲ. ಅವಳಿಗೆ ಅದೇ ಅನುಮಾನ. ನಿಜ ಕೇಳಿದರೂ ಕರಗದ ನಗುವಿನ ಹಿಂದೆ ನಿಜವನ್ನು ಮೊದಲೇ ತಿಳಿದವನು ಇರುತ್ತಾನೆ. ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನಿಗೆ, ಎಲ್ಲ ದೋಣಿಗಳೂ ಜೊಂಡಿಗೆ ಮುಗಿಬಿದ್ದದ್ದು ಕಾಣಲಿಲ್ಲವೇ? ಕಂಡಿತ್ತು. ಕಂಡು ಸುಮ್ಮನಿದ್ದ. ಮೈದುನನ ತಲೆಗೊಂದು ಟೋಪಿಯನ್ನೂ ಕೊಟ್ಟ. ಇದಕ್ಕೆ ಸಾಕ್ಷಿ ಎಲ್ಲಿದೆ? ಸುಮ್ಮನಿದ್ದವರ ವಿರುದ್ಧ ಸಾಕ್ಷಿ ಹೇಳುವವರು ಯಾರು?

ಹೊರಗೆ ಬಂದಾಗ ಮೈದುನ ಆ ಟೋಪಿಯನ್ನು ತೆಗೆದು, ಕಚೇರಿಯ ಮೆಟ್ಟಿಲ ಮೇಲಿಟ್ಟು ಬಂದ. ಅವಳು ಅವನ ಕಡೆ ನೋಡಲಿಲ್ಲ. ಜೇಬು ತಡವಿದ್ದು ಅವಳ ಬೆರಳಿಗೆ ಇನ್ನೂ ಅಂಟಿಕೊಂಡಿತ್ತು.

ಕೆಲವು ದಿನ ಕಳೆದು, ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಪೇಂಟರ್ ತನ್ನ ಅಂಗಡಿಯ ಮುಂದೆ ಹಲಗೆಯೊಂದನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದ. ನೀಲಿ ಬಣ್ಣ ಒಣಗಿತ್ತು, ಬಿಳಿ ಅಕ್ಷರಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ.

"ಯಾರದಣ್ಣಾ ಬೋರ್ಡು?"

"ಗಾಳದ ಸಂಘದ್ದು. ಕೆರೆ ದಂಡೆಗೆ ನೆಡಬೇಕಂತೆ. ಮೀನು ತಗೊಂಡು ಹೋಗಬಾರದು, ವಾಪಸ್ಸು ಬಿಡಬೇಕು ಅಂತ ಸೂಚನೆ." ಅವನು ಚೀಟಿ ತೋರಿಸಿದ. *ಈ ಕೆರೆಯಲ್ಲಿ ಮೀನು ಹಿಡಿದು ಬಿಡಿ. ಅಪ್ಪಣೆಯಂತೆ.*

ಬಲೆಯಕ್ಕ ತರಕಾರಿ ಚೀಲವನ್ನು ಕೆಳಗಿಟ್ಟಳು. ಹಲಗೆಯನ್ನು ನೋಡಿದಳು. ಸ್ವಲ್ಪ ದೂರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಅಣ್ಣಾ, ಹಲಗೆ ಚಿಕ್ಕದು. ಮಧ್ಯೆ ಮಧ್ಯೆ ಇಷ್ಟು ಜಾಗ ಬಿಟ್ರೆ ಅಕ್ಷರ ಸಣ್ಣ ಆಗುತ್ತೆ. ಆಚೆ ದಂಡೆಯವರಿಗೆ ಕಾಣಿಸಬೇಕಲ್ಲ, ಪಾಪ."

"ಹೌದಲ್ಲ," ಎಂದ ಪೇಂಟರ್. "ಎಲ್ಲಿ ಸೇರಿಸಲಿ?"

"ಕೊನೆಗೆ. ಮೊದಲ ಸಾಲಿನ ಕೊನೆಯ ಎರಡು ಮಾತು ಸೇರಿಸಿಬಿಡು."

ಕೆರೆಯನ್ನು ಸಂಘಕ್ಕೆ ಒಪ್ಪಿಸುವ ಬೆಳಿಗ್ಗೆ ದಂಡೆಯ ತುಂಬ ಮಡಚುವ ಕುರ್ಚಿಗಳು. ದೂರದಿಂದ ಬಂದ ಅತಿಥಿಗಳ ಕೈಯಲ್ಲಿ ಹೊಳೆಯುವ ಗಾಳದ ಕೋಲು. ಅಧಿಕಾರಿ ಬೋರ್ಡಿನ ಮೇಲಿನ ಬಟ್ಟೆ ಸರಿಸಿದ. ಚಪ್ಪಾಳೆ ಬಿತ್ತು. ಚಪ್ಪಾಳೆ ಹೊಡೆದವರು ಬೋರ್ಡು ಓದಲಿಲ್ಲ. ತಮಗೆ ಗೊತ್ತಿದ್ದುದನ್ನೇ ಅಲ್ಲಿ ಕಂಡರು.

ಅಷ್ಟರಲ್ಲಿ ಜೊಂಡಿನ ಹಿಂದಿನಿಂದ ದೋಣಿಗಳು ಬಂದವು. ಊರಿನ ಎಲ್ಲ ದೋಣಿಗಳೂ. ಬಲೆಯಕ್ಕನ ಹಗ್ಗದ ಮೇಲಿದ್ದ ಎಲ್ಲ ಬಲೆಗಳೂ. ಮೊದಲ ದೋಣಿಯಲ್ಲಿ ಮೈದುನ ಹುಟ್ಟು ಹಾಕುತ್ತಿದ್ದ, ಬಲೆಯಕ್ಕ ಮುಂದೆ ನಿಂತಿದ್ದಳು. ಮಾತಿಲ್ಲದೆ ಕೆರೆಯ ಅಗಲಕ್ಕೂ ಬಲೆ ಇಳಿಯಿತು.

"ಏಯ್! ನಿಲ್ಲಿಸ್ರೀ!" ಅಧಿಕಾರಿ ದಂಡೆಯ ಕೆಸರಿಗೇ ಇಳಿದ. "ಬೋರ್ಡ್ ಓದೋಕೆ ಬರಲ್ವಾ ನಿಮಗೆ?"

"ಓದಿಯೇ ಇಳಿದಿದೀವಿ ಸ್ವಾಮಿ!" ಬಲೆಯಕ್ಕನ ದನಿ ನೀರಿನ ಮೇಲೆ ಹರಡಿತು. "ನೀವೂ ಒಂದ್ಸಲ ಓದಿ, ಜೋರಾಗಿ!"

ಅಧಿಕಾರಿ ತಿರುಗಿ ಓದಿದ. "ಈ ಕೆರೆಯಲ್ಲಿ ಮೀನು ಹಿಡಿದುಬಿಡಿ..." ಅಲ್ಲಿಗೇ ನಿಂತ.

"ಅಪ್ಪಣೆಯಂತೆ!" ಎಂದು ದೋಣಿಗಳಿಂದ ಕೂಗು ಬಂತು. ಅತಿಥಿಗಳಲ್ಲಿ ಯಾರೋ ಕಿಸಕ್ಕೆಂದರು.

"ಅದು ಹಾಗಲ್ಲ! ಹಿಡಿದು... ಬಿಡಿ!" ಟೋಪಿ ಕಿರುಚಿದ.

"ಒಂದೇ ಮಾತು ಎರಡು ಥರ ಕೇಳಿಸುತ್ತೆ ಅಂತ ಕಚೇರಿಯಲ್ಲಿ ನಾವು ಹೇಳಿದಾಗ ನಕ್ಕಿರಲ್ಲ! ನಮ್ಮ ಕಿವಿಗೆ ವ್ಯಾಕರಣ ಇಲ್ಲ, ನಿಮ್ಮ ಬೋರ್ಡಿಗೆ ಇದೆಯಾ? ಎಳೀರೋ!"

ಬಲೆ ಎಳೆಯತೊಡಗಿದರು. ನಗು ನಿಂತಿತು. ಅತಿಥಿಗಳು ಕುರ್ಚಿ ಬಿಟ್ಟು ನೀರಿನ ಅಂಚಿಗೆ ಬಂದರು. ಉಜ್ವಲ ಭವಿಷ್ಯವನ್ನು ನೋಡಲು ಅವರೂ ಅಷ್ಟು ದೂರದಿಂದ ಬಂದಿದ್ದರಲ್ಲ. ಮೇಷ್ಟ್ರು ಗುಂಪಿನ ಹಿಂದೆ, ಕೈಕಟ್ಟಿ ನಿಂತಿದ್ದರು. ಹಗ್ಗ ಒದ್ದೆಯಾಗಿ ದೋಣಿಯೊಳಗೆ ಸುರುಳಿ ಬಿತ್ತು. ಬಲೆಯ ಅಂಚಿನಲ್ಲಿ ತೇಲುವ ಬೆಂಡುಗಳು ಹತ್ತಿರ ಹತ್ತಿರ ಬಂದವು. ಬಲೆ ಭಾರವಿಲ್ಲ ಎಂದು ಬಲೆಯಕ್ಕನ ಕೈಗೆ ಮೊದಲೇ ಗೊತ್ತಾಯಿತು. ಒಂದು ಗಳಿಗೆ ಅವಳು ತನ್ನ ಮಾತು ಸುಳ್ಳಾಗಲಿ ಎಂದು ಬಯಸಿದಳು. ಮೀನು ತುಂಬಿ ಬರಲಿ, ಕೆರೆ ಹಾಳಾಗಿ ಹೋಗಲಿ ಆ ಟೋಪಿಯವನಿಗೆ, ಮೀನಾದರೂ ಇರಲಿ.

ಬಲೆ ದಂಡೆಗೆ ಬಂತು. ಪಾಚಿ, ಜೊಂಡಿನ ಕಡ್ಡಿ, ಯಾರದೋ ಒಂದು ಚಪ್ಪಲಿ. ಬೆರಳುದ್ದದ ಮರಿಗಳು ಒಂದಷ್ಟು. ನಡುವೆ ಒಂದೇ ಒಂದು ಹದವಾದ ಗೆಂಡೆ, ಬಾಯಿ ಬಿಡುತ್ತ. ಕೆರೆಯ ಈ ದಂಡೆಯಿಂದ ಆ ದಂಡೆಗೆ ಎಳೆದದ್ದಕ್ಕೆ ಅಷ್ಟೇ.

ಮೈದುನ ಗೆಂಡೆಯನ್ನು ಎತ್ತಿ ಹೊಟ್ಟೆ ಮೇಲೆ ಮಾಡಿ ಮೇಷ್ಟ್ರಿಗೆ ಹಿಡಿದ. ರೆಕ್ಕೆಯ ತುದಿ ನೇರವಾಗಿ ತುಂಡಾಗಿತ್ತು.

"ಏನು ಮಾಡಲಿ ಮೇಷ್ಟ್ರೇ? ನಿಧಾನಕ್ಕೆ ಹೇಳಿ."

"ನೀರಿಗೆ," ಎಂದರು ಮೇಷ್ಟ್ರು. ಮತ್ತೇನೂ ಸೇರಿಸಲಿಲ್ಲ.

ಅತಿಥಿಯೊಬ್ಬ ತನ್ನ ಕೋಲಿನ ದಾರ ಸುತ್ತತೊಡಗಿದ. ಇನ್ನೊಬ್ಬ ಕುರ್ಚಿ ಮಡಚಿದ. ಟೋಪಿ ಅವರ ಹಿಂದೆ ಓಡಾಡುತ್ತ, ಋತು ಸರಿಯಿಲ್ಲ, ಗಾಳಿ ಸರಿಯಿಲ್ಲ, ಮೀನು ಆಳಕ್ಕೆ ಹೋಗಿವೆ ಎನ್ನುತ್ತಿದ್ದ. ಅವನ ಸಂಘಕ್ಕೆ ಈ ಕೆರೆ ಬೇಡವೆಂದು ಅವರ ಬೆನ್ನುಗಳೇ ಹೇಳುತ್ತಿದ್ದವು.

ಅಧಿಕಾರಿ ಕೆಸರಿನಿಂದ ಕಾಲು ಕಿತ್ತುಕೊಳ್ಳುತ್ತ ಬಲೆಯಕ್ಕನ ಹತ್ತಿರ ಬಂದ. "ನೋಡಮ್ಮ, ಮತ್ತೆ ಎಣಿಸೋಣ. ಅಲ್ಲಿವರೆಗೆ ಕೆರೆ ಯಾರಿಗೂ ಇಲ್ಲ."

"ಯಾರಿಗೂ ಇಲ್ಲ ಅಂದ್ರೆ ಯಾರಿಗೆ?"

ಅವನು ಪ್ಯಾಂಟಿಗೆ ಹತ್ತಿದ ಕೆಸರು ಒರೆಸತೊಡಗಿದ.

"ಮೀನು ಕಡಿಮೆ ಇದ್ರೆ ಬಲೆಯವರಿಗೆ ಅಂತ ನೀವೇ ಅಂದಿದ್ರಿ. ಎಷ್ಟಿದೆ ಅಂತ ಎಲ್ಲರೂ ಕಣ್ಣಾರೆ ನೋಡಿದ್ರಲ್ಲ. ಈಗ ಹೇಳಿ. ಎರಡು ಅರ್ಥ ಬಾರದ ಹಾಗೆ ಹೇಳಿ."

"ನಿಮಗೇ," ಎಂದ ಅಧಿಕಾರಿ. "ಆದ್ರೆ ಮರಿ ಬಿಟ್ಟ ಮೇಲೆ ಒಂದು ಹಂಗಾಮು ಬಲೆ ಇಳಿಸೋ ಹಾಗಿಲ್ಲ."

"ಅಷ್ಟು ಜನರ ಎದುರು ಇನ್ನೊಂದು ಸಲ ಹೇಳಿ."

ಅವನು ಹೇಳಿದ. ಮೇಷ್ಟ್ರು ಕೇಳಿಸಿಕೊಂಡರು, ಪೇಂಟರ್ ಕೇಳಿಸಿಕೊಂಡ. ಆದರೂ ಬಲೆಯಕ್ಕ ಅವನ ಬಾಯನ್ನೇ ನೋಡುತ್ತಿದ್ದಳು, ಆ ಎರಡು ಮಾತಿನ ನಡುವೆ ಇನ್ನೂ ಏನಾದರೂ ಜಾಗ ಉಳಿದಿದೆಯೋ ಎಂದು.

ಮನೆಗೆ ಬರುವಾಗ ಬಲೆಯ ಒಂದು ತುದಿ ಮೈದುನನ ಹೆಗಲಲ್ಲಿ, ಇನ್ನೊಂದು ಅವಳ ಹೆಗಲಲ್ಲಿ.

"ನನ್ನ ಮೇಲೆ ಅನುಮಾನ ಪಟ್ಟೆಯಲ್ಲ ಅತ್ತಿಗೆ," ಎಂದ ಅವನು, ಮುಂದೆ ನೋಡುತ್ತಲೇ. "ಜೇಬಿಗೂ ಕೈ ಹಾಕಿದೆ. ಬಾಚಣಿಗೆ ತಿರುಗುಮುರುಗಾಗಿತ್ತು."

ಅವಳು ಬಲೆಯ ತುದಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ಹಾಕಿದೆ. ಇನ್ನು ಹಾಕಲ್ಲ."

"ಬೀಡಿ ಒಂದು ಕಡಿಮೆ ಇತ್ತು."

"ಅದು ನಿಮ್ಮಮ್ಮ."

ಅತ್ತೆ ಬಾಗಿಲಲ್ಲೇ ಕೂತಿದ್ದಳು. "ಏನೇ, ಏನು ಸಿಕ್ತು?"

"ಕೆರೆ ಸಿಕ್ತು ಅತ್ತೆ!" ಬಲೆಯಕ್ಕ ಅವಳ ಕಿವಿಯ ಹತ್ತಿರ ಕೂಗಿದಳು.

"ಆಂ? ಕೆರೆನಾ? ಅದನ್ನ ಹೇಗೆ ಬೇಯಿಸಲಿ?"

ಬಲೆಯಕ್ಕ ಒದ್ದೆ ಬಲೆಯನ್ನು ಹಗ್ಗದ ಮೇಲೆ ಹರವಿ, ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಂಡು, ಕೈಯಲ್ಲಿ ಸೂಜಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು. ಹೊಲಿಯಲು ಒಂದು ಕಣ್ಣೂ ಹರಿದಿರಲಿಲ್ಲ.